ಕರೆದರೆ ಮಾತ್ರ ಹತ್ತುವ ಮೆಟ್ಟಿಲು

೧೯೯೬ರಲ್ಲಿ, ಎಂಟನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ, ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಉಳ್ಳಾಲದಲ್ಲಿ ಮಾವನ ಹೋಟೆಲಿನಲ್ಲಿ ಚಾ ಹೊಯ್ಯುವವನ ಜಾಗ ಖಾಲಿ ಇತ್ತು. ಗಣಿತಕ್ಕಿಂತ ನನಗೆ ಅದು ಚೆನ್ನಾಗಿ ಬರುತ್ತಿತ್ತು. ಆ ವಿಷಯದಲ್ಲಿ ಇಂದಿಗೂ ನನಗೆ ಬೇಸರವಿಲ್ಲ. ಹೊಯ್ಯುವ ಕೈಯಿಂದಲೇ ಅಬುಧಾಬಿಗೆ ಬಂದೆ. ಮೊದಲು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕೆಫೆಟೇರಿಯಾದಲ್ಲಿ ಚಾ ಹೊಯ್ದೆ, ಆಮೇಲೆ ಒಂದು ಅರಬ್ಬಿ ಮನೆಯಲ್ಲಿ ಗಹ್ವಾ, ಅಂದರೆ ಅರಬ್ಬರ ಏಲಕ್ಕಿ ಕಾಫಿ. ಆ ಮನೆಯ ಯಜಮಾನರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದಲೂ ಮನಸ್ಸಿನಲ್ಲಿದೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಕೆಲಸದವರೆಲ್ಲ ಅವರನ್ನು ಬಾಬಾ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ. ಅವರ ತಂದೆ ಮುತ್ತು ಮಾರಲು ಮುಂಬಯಿಗೆ ಹೋಗಿ ಬರುತ್ತಿದ್ದವರು, ಹಾಗಾಗಿ ಬಾಬಾಗೆ ಹಿಂದಿ ಬರುತ್ತಿತ್ತು. ಅರ್ಧ ಹಿಂದಿ, ಅರ್ಧ ಅರಬ್ಬಿ ಸೇರಿಸಿ ಅವರು ಆಡಿದ ಮಾತುಗಳನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮನೆಯ ಜೀವ ಇದ್ದದ್ದು ಮಜ್ಲಿಸಿನಲ್ಲಿ. ಮಜ್ಲಿಸ್ ಎಂದರೆ ಕೆಳಗಿನ ಅಂತಸ್ತಿನಲ್ಲಿ, ಅಂಗಳಕ್ಕೆ ನೇರ ಬಾಗಿಲಿರುವ, ಸುತ್ತಲೂ ದಿಂಬು ಹಾಕಿದ ದೊಡ್ಡ ಕೋಣೆ. ಸಂಜೆ ನಾಲ್ಕಕ್ಕೆ ಅದರ ಬಾಗಿಲು ತೆರೆದರೆ ಯಾರು ಬೇಕಾದರೂ ಬರಬಹುದು. ಬಂದವರಿಗೆ ಗಹ್ವಾ ಕೊಡುವುದು ನನ್ನ ಕೆಲಸ. ಸುಲಭವೆಂದು ತಿಳಿಯಬೇಡಿ. ಎಡಗೈಯಲ್ಲಿ ಕೊಕ್ಕಿನ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು. ಬಟ್ಟಲಿನ ತಳ ಮುಚ್ಚುವಷ್ಟೇ ಹೊಯ್ಯಬೇಕು, ತುಂಬಿಸಿದರೆ ‘ಕುಡಿದು ಬೇಗ ಹೊರಡು’ ಎಂದ ಹಾಗೆ. ಅತಿಥಿ ಕುಡಿದು ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ. ಅಲ್ಲಾಡಿಸದೆ ಕೊಟ್ಟರೆ ಮತ್ತೆ ಹೊಯ್ಯಬೇಕು. ಎಷ್ಟು ಸಲವಾದರೂ. ಕೇಳುವ ಹಾಗಿಲ್ಲ.

ಬಾಬಾ ಬಂದ ಪ್ರತಿಯೊಬ್ಬರಿಗೂ ಎದ್ದು ನಿಲ್ಲುತ್ತಿದ್ದರು. ದೊಡ್ಡ ಹುದ್ದೆಯವರಿಗೂ ಸರಿ, ಎಸಿ ರಿಪೇರಿಯವನಿಗೂ ಸರಿ. ಒಮ್ಮೆ ಒಬ್ಬ ಪಂಜಾಬಿ ಎಸಿಯವನು ಒಳಗೆ ಬಂದ. ಬಾಬಾ ಎದ್ದರು. ಅವರು ಎಲ್ಲಿಗೋ ಹೊರಟಿದ್ದಾರೆಂದು ತಿಳಿದು ಅವನು ‘ಸಾರಿ ಸರ್’ ಎನ್ನುತ್ತ ಹಿಂದಕ್ಕೆ ಹೋದ. ಅವನು ಹೋಗುತ್ತಿದ್ದಾನೆಂದು ಬೀಳ್ಕೊಡಲು ಬಾಬಾ ಮುಂದೆ ಬಂದರು. ಅವನು ಇನ್ನೂ ಹಿಂದಕ್ಕೆ ಸರಿದ. ಹೀಗೆ ಇಬ್ಬರೂ ಗೇಟಿನವರೆಗೆ ಹೋಗಿದ್ದರು. ಕೊನೆಗೆ ನಾನು ಓಡಿಹೋಗಿ ಅವನನ್ನು ಎಳೆದು ತಂದು ಕೂರಿಸಿದೆ. ಅಂದು ಎಸಿ ರಿಪೇರಿ ಆಗಲಿಲ್ಲ, ಅವನಿಗೆ ಮಾತ್ರ ಊಟವೂ ಆಯಿತು.

ಮೀನು ತರಲು ಅಲ್ ಮೀನಾದ ಮಾರುಕಟ್ಟೆಗೆ ಅವರೇ ಹೋಗಬೇಕು. ಮೀನಿನ ಕಿವಿರು ಎತ್ತಿ ನೋಡಿ, ಮಾರುವವನಿಗೆ ‘ಇದು ನನಗಿಂತ ಮುದುಕ, ಇದಕ್ಕೆ ಮರ್ಯಾದೆ ಕೊಡಬಹುದು, ದುಡ್ಡು ಕೊಡಲಾಗದು’ ಎನ್ನುತ್ತಿದ್ದರು. ಕೊರೊನಾ ಗಲಾಟೆ ಮುಗಿದ ವರ್ಷ ಅದೇ ಮಾರುಕಟ್ಟೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ನಾನು ಹತ್ತಿರ ಹೋಗಿ ನೋಡಿದರೆ, ನೆಲದ ಮೇಲೆ ಅಂಗಾತ ಬಿದ್ದುಕೊಂಡು ದೊಡ್ಡದೊಂದು ಹಮೂರ್ ಮೀನನ್ನು ಎರಡೂ ಕೈಯಲ್ಲಿ ಮೇಲೆ ಎತ್ತಿ ಹಿಡಿದಿದ್ದಾರೆ. ‘ಮೊದಲು ಇದನ್ನು ತಗೋ’ ಅಂದರು. ಸೊಂಟದ ಮೂಳೆ ಮುರಿದಿತ್ತು.

ಇಲ್ಲಿನ ಅರಬ್ಬಿ ಮನೆಗಳಲ್ಲಿ ದೊಡ್ಡ ಚಿಕಿತ್ಸೆಗೆ ಜರ್ಮನಿಗೆ ಹೋಗುವುದು ರೂಢಿ. ಮ್ಯೂನಿಕ್‌ನಲ್ಲಿ ಆಪರೇಶನ್ ಆಯಿತು. ಜೊತೆಗೆ ಹೋದವರು ನಾವಿಬ್ಬರು: ಗಹ್ವಾಕ್ಕೆ ನಾನು, ಔಷಧಿಗೆ ಮನೆಯ ನರ್ಸ್ ಗ್ರೇಸಿ ಸಿಸ್ಟರ್. ಸಿಸ್ಟರ್ ಮೂಡಬಿದಿರೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನಾನು ಕರಾವಳಿಯ ಬ್ಯಾರಿ ಮುಸಲ್ಮಾನ. ಅವರು ನನ್ನನ್ನು ಬ್ಯಾರಿ ಎಂದೂ ನಾನು ಅವರನ್ನು ಬಾಯಮ್ಮ ಎಂದೂ ಕರೆದುಕೊಂಡು ದಿನಕ್ಕೆ ಮೂರು ಸಲ ಜಗಳಾಡುತ್ತಿದ್ದೆವು.

ಆಪರೇಶನ್ ಚೆನ್ನಾಗಿಯೇ ಆಗಿತ್ತು. ಆದರೆ ಬಾಬಾ ನಡೆಯಲು ಒಪ್ಪಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಕಾರಿಡಾರಿನ ಆ ತುದಿ ತೋರಿಸಿ ಅಲ್ಲಿವರೆಗೆ ಹೋಗಿ ಬರೋಣ ಎಂದಳು.

‘ಅಲ್ಲಿ ಯಾರಿದ್ದಾರೆ?’ ಬಾಬಾ ಕೇಳಿದರು.

‘ಯಾರೂ ಇಲ್ಲ ಬಾಬಾ, ಕಿಟಕಿ ಇದೆ’ ಎಂದೆ.

‘ಕಿಟಕಿ ನನ್ನನ್ನು ಕರೆದಿದೆಯಾ?’

ಮೆಟ್ಟಿಲಂತೂ ಕೇಳುವುದೇ ಬೇಡ. ಅಭ್ಯಾಸಕ್ಕೆಂದು ಅಲ್ಲಿ ಮರದ ನಾಲ್ಕು ಮೆಟ್ಟಿಲು ಮಾಡಿಟ್ಟಿದ್ದರು. ಈ ಕಡೆ ಹತ್ತಿ ಆ ಕಡೆ ಇಳಿಯುವುದು. ಬಾಬಾ ಅದನ್ನು ಸುತ್ತಲೂ ನೋಡಿ, ‘ಹತ್ತಿದರೂ ಎಲ್ಲಿಗೂ ಹೋಗುವುದಿಲ್ಲ. ಇದು ಹುಚ್ಚರ ಮನೆ. ಖಲಾಸ್’ ಎಂದು ಗಾಲಿಕುರ್ಚಿಯಲ್ಲಿ ಕೂತುಬಿಟ್ಟರು.

‘ಬ್ಯಾರಿ, ನಿಮ್ಮ ಬಾಬಾನಿಗೆ ಹೇಳಿ ಮಾರಾಯ್ರೆ’ ಎಂದರು ಸಿಸ್ಟರ್. ‘ಹೀಗೇ ಕೂತ್ರೆ ಕಾಲು ಒಣಮೀನಿನ ಹಾಗೆ ಆಗ್ತದೆ.’

‘ನೀವೇ ಹೇಳಿ ಬಾಯಮ್ಮ. ಸೂಜಿ ನಿಮ್ಮ ಕೈಯಲ್ಲುಂಟು, ನನ್ನ ಕೈಯಲ್ಲಿ ಬರೀ ಖರ್ಜೂರ.’

ನಗುತ್ತಿದ್ದೆವು, ಆದರೆ ನನಗೆ ಹೆದರಿಕೆ ಇತ್ತು. ಬಾಬಾರ ಮಲಗುವ ಕೋಣೆ ಮೇಲಿನ ಅಂತಸ್ತಿನಲ್ಲಿ. ಮನೆ ಹಳೆಯದು, ಲಿಫ್ಟ್ ಕೂರಿಸಲು ಆಗುವುದಿಲ್ಲವೆಂದು ಎಂಜಿನಿಯರ್ ಹೇಳಿಯಾಗಿತ್ತು. ಅಲ್ ರೀಮ್ ಐಲ್ಯಾಂಡಿನಲ್ಲಿ ಆಫೀಸು ಇರುವ ದೊಡ್ಡ ಮಗ ಒಂದು ದಾರಿ ಯೋಚಿಸಿದ್ದ. ತಂದೆಗೆ ಮೆಟ್ಟಿಲು ಹತ್ತಲಾಗದಿದ್ದರೆ ಮಜ್ಲಿಸಿನಲ್ಲೇ ಆಸ್ಪತ್ರೆಯ ಮಂಚ ಹಾಕಿಸಿ ಅದನ್ನೇ ಅವರ ಕೋಣೆ ಮಾಡುವುದು. ಒಳ್ಳೆಯ ಮಗ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಂಚ ಬಂದರೆ ಮಜ್ಲಿಸ್ ಹೋಗುತ್ತದೆ. ರೋಗಿ ಮಲಗಿದ ಕೋಣೆಗೆ ಜನ ಒಂದು ವಾರ ಬರುತ್ತಾರೆ, ಆಮೇಲೆ ಫೋನು ಮಾಡುತ್ತಾರೆ. ಎದ್ದು ನಿಂತು ಬರಮಾಡಿಕೊಳ್ಳಲು ಜನರಿಲ್ಲದ ಬಾಬಾ ಎಷ್ಟು ದಿನ ಬದುಕಿಯಾರು? ಇನ್ನು ಮಜ್ಲಿಸ್ ಇಲ್ಲದ ಮನೆಗೆ ಗಹ್ವಾ ಹೊಯ್ಯುವವನು ಯಾಕೆ? ‘ನಿನಗೆ ಬೇರೆ ಎಲ್ಲಾದರೂ ನೋಡೋಣ’ ಎಂದು ಮಗ ನನಗೆ ಮೊದಲೇ ಹೇಳಿದ್ದ.

ದಾರಿ ತೋರಿಸಿದ್ದು ಒಂದು ಚಿತ್ರ. ಕಾರಿಡಾರಿನ ಗೋಡೆಯಲ್ಲಿ ಒಂದು ಊರಿನ ಫೋಟೋ ಇತ್ತು. ಹಸಿರು ನದಿಯೊಂದು ಆ ಊರನ್ನು ಕೈ ಬಳಸಿ ಹಿಡಿದ ಹಾಗೆ ಸುತ್ತಿಕೊಂಡಿತ್ತು.

‘ಇದು ಯಾವುದು? ಎಲ್ಲ ಕಡೆಯೂ ನೀರು, ನಮ್ಮ ಅಬುಧಾಬಿಯ ಹಾಗೆ’ ಎಂದರು ಬಾಬಾ.

ವಾಸರ್‌ಬುರ್ಗ್ ಎಂದಳು ವ್ಯಾಯಾಮದ ಹುಡುಗಿ. ಇನ್ ನದಿಯ ದಂಡೆಯ ಹಳೇ ಊರು, ಒಂದು ಕಾಲದಲ್ಲಿ ಉಪ್ಪಿನ ವ್ಯಾಪಾರದಿಂದ ಬಾಳಿದ್ದು, ಈಗ ಅಷ್ಟಾಗಿ ಯಾರೂ ಹೋಗುವುದಿಲ್ಲ.

‘ಅರಬ್ಬರು ಹೋಗುತ್ತಾರಾ?’

‘ಇಲ್ಲವೇ ಇಲ್ಲ.’

‘ಹಾಗಾದರೆ ಯಲ್ಲಾ, ಹೊರಡೋಣ’ ಎಂದರು. ಮ್ಯೂನಿಕ್‌ನ ಅಂಗಡಿ ಬೀದಿಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಅಲ್ಲಿ ಸಿಗುವವರೆಲ್ಲ ಅಬುಧಾಬಿಯವರೇ, ಅವರನ್ನು ಅಬುಧಾಬಿಯಲ್ಲೇ ನೋಡಬಹುದಲ್ಲ ಎನ್ನುತ್ತಿದ್ದರು. ದೊಡ್ಡ ಕಾರು ತರಿಸುತ್ತೇನೆಂದು ಮಗ ಫೋನಿನಲ್ಲಿ ಹೇಳಿದರೆ, ಕಾರಿನಲ್ಲಿ ಕೂತರೆ ಡ್ರೈವರನ ಬೆನ್ನು ಬಿಟ್ಟು ಯಾರು ಕಾಣುತ್ತಾರೆ ಎಂದು ಕೇಳಿದರು. ಹಾಗಾಗಿ ರೈಲು.

ಕಂದೂರ ಎನ್ನುವ ಬಿಳಿಯ ನಿಲುವಂಗಿಯ ಮೇಲೆ ಉಣ್ಣೆಯ ಕೋಟು, ತಲೆಗೆ ಸಿಸ್ಟರ್ ಕೊಡಿಸಿದ ಟೋಪಿ. ನನ್ನ ಹೆಗಲಲ್ಲಿ ಗಹ್ವಾದ ಫ್ಲಾಸ್ಕು, ಬಟ್ಟಲು, ಖರ್ಜೂರದ ಡಬ್ಬಿ. ರೈಲು ಇಳಿದು ಬಸ್ಸು ಹತ್ತಿ ವಾಸರ್‌ಬುರ್ಗ್ ಸೇರಿದರೆ ಊರೆಲ್ಲ ಬಾಗಿಲು ಹಾಕಿತ್ತು. ಬಣ್ಣಬಣ್ಣದ ಸಾಲುಮನೆಗಳು, ಕೆಳಗೆ ಕಮಾನುಗಳು, ಒಂದು ಅಂಗಡಿಯೂ ತೆರೆದಿಲ್ಲ, ಮಾತಿನ ಸದ್ದಿಲ್ಲ. ಬಾಬಾರ ಮುಖ ಗಂಭೀರವಾಯಿತು. ಊರಿನ ಹಿರಿಯರು ಯಾರೋ ತೀರಿಕೊಂಡಿದ್ದಾರೆಂದು ಅವರು ತಿಳಿದರು. ಸೇತುವೆಯ ಹೆಬ್ಬಾಗಿಲ ಬಳಿ ವಯಸ್ಸಾದವರೊಬ್ಬರು ನಿಂತಿದ್ದರು. ಬಾಬಾ ಗಾಲಿಕುರ್ಚಿಯಿಂದ ಎದ್ದು, ಎದೆಗೆ ಕೈ ಇಟ್ಟು, ‘ದೇವರು ನಿಮಗೆ ಸಹನೆ ಕೊಡಲಿ’ ಎಂದು ಅರಬ್ಬಿಯಲ್ಲಿ ಸಂತಾಪ ಹೇಳಿದರು. ಅವರೂ ತಮ್ಮ ಎದೆಗೆ ಕೈ ಇಟ್ಟು ತಲೆ ಬಾಗಿಸಿದರು.

‘ಬಾಬಾ, ಇವತ್ತು ಸಂಡೇ’ ಎಂದರು ಸಿಸ್ಟರ್. ‘ಇಲ್ಲಿ ಸಂಡೇ ಹೀಗೇ.’

‘ಪ್ರತಿ ವಾರವೂ?’ ಎಂದು ಬಾಬಾ ಬಹಳ ಹೊತ್ತು ಮರುಗಿದರು.

ಆದರೆ ನೋಡಿ, ಅವರು ಎದ್ದಿದ್ದರು. ಸೇತುವೆಯ ಆ ತುದಿಯಲ್ಲಿ ಒಬ್ಬ ಗಾಳ ಹಾಕುತ್ತಿದ್ದ. ಅವನಿಗೆ ಏನು ಮೀನು ಸಿಕ್ಕಿದೆ ಎಂದು ನೋಡಬೇಕು ಎನ್ನುತ್ತ ಕೋಲೂರಿಕೊಂಡು ಸೇತುವೆ ಪೂರ್ತಿ ದಾಟಿದರು. ಹಿಂದಿನಿಂದ ಖಾಲಿ ಗಾಲಿಕುರ್ಚಿಯಲ್ಲಿ ಫ್ಲಾಸ್ಕನ್ನು ರಾಜನ ಹಾಗೆ ಕೂರಿಸಿ ನಾನು ತಳ್ಳಿಕೊಂಡು ಹೋದೆ.

‘ಅಯ್ಯೋ ಬ್ಯಾರಿ, ಇವರು ಗೋಡೆ ಕಡೆಗೆ ನಡಿಯುದಿಲ್ಲ, ಮನುಷ್ಯರ ಕಡೆಗೆ ಮಾತ್ರ ನಡಿತಾರೆ’ ಎಂದು ಸಿಸ್ಟರ್ ಪಿಸುಗುಟ್ಟಿದರು. ಅಂದಿನಿಂದ ನಮ್ಮ ಚಿಕಿತ್ಸೆ ಅದೇ ಆಯಿತು.

ನೆಲದ ಮೇಲೆ ನಡೆಯುವುದು ಹೀಗೆ ಬಂತು. ಮೆಟ್ಟಿಲು ಬರಲಿಲ್ಲ. ಮುಂದಿನ ಸಲ ಲಾಂಡ್ಸ್‌ಬರ್ಗ್‌ಗೆ ಹೋದೆವು. ಅಲ್ಲಿ ಊರ ನಡುವೆ ಲೆಹ್ ನದಿಗೆ ಅಡ್ಡಲಾಗಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಕಟ್ಟಿದ್ದಾರೆ, ನೀರು ಅದರ ಮೇಲಿಂದ ನೊರೆ ನೊರೆಯಾಗಿ ಇಳಿಯುತ್ತದೆ. ಗುಡ್ಡದ ಮೇಲೆ ಹಳೆಯ ಕೋಟೆ ಬಾಗಿಲಿದೆ, ಹತ್ತಿ ನೋಡೋಣ ಎಂದರು ಸಿಸ್ಟರ್. ಬಾಬಾ ಬೆಂಚಿನಿಂದ ಏಳಲಿಲ್ಲ.

‘ನೀರನ್ನು ನೋಡು ಸಿಸ್ಟರ್. ಎಷ್ಟು ಬುದ್ಧಿ! ಮೆಟ್ಟಿಲು ಇಳಿಯುತ್ತದೆ, ಹತ್ತುವುದಿಲ್ಲ.’

‘ನೀವು ನೀರಾ ಬಾಬಾ?’

‘ಈ ವಯಸ್ಸಿಗೆ ಅಷ್ಟೇ ಉಳಿದಿರುವುದು’ ಎಂದು ನಕ್ಕರು.

ಅಂದು ಸಂಜೆ ಮಗನ ವಾಯ್ಸ್ ಮೆಸೇಜ್ ಬಂತು. ಮಂಚ ಬಂದಿದೆ, ಮುಂದಿನ ವಾರ ಬರುವಷ್ಟರಲ್ಲಿ ಮಜ್ಲಿಸಿನ ದಿಂಬುಗಳನ್ನು ತೆಗೆಸಿ ಎಲ್ಲ ಸಿದ್ಧ ಮಾಡಿರುತ್ತೇವೆ ಎಂದು. ಬಾಬಾ ಅದನ್ನು ಎರಡು ಸಲ ಕೇಳಿದರು. ಗಹ್ವಾ ಕೇಳಿ ಬಟ್ಟಲು ತೆಗೆದುಕೊಂಡರು, ಕುಡಿಯಲಿಲ್ಲ. ಆ ಬಟ್ಟಲು ಅವರ ಕೈಯಲ್ಲೇ ತಣ್ಣಗಾಯಿತು. ನಾನು ಆ ಮನೆಗೆ ಸೇರಿದ ಮೇಲೆ ಅಂಥದ್ದು ಕಂಡಿರಲಿಲ್ಲ.

ಹೊರಡುವ ಮೊದಲು ಉಳಿದದ್ದು ವ್ಯಾಯಾಮಕ್ಕೆ ರಜೆಯಿರುವ ಒಂದೇ ಶನಿವಾರ. ನೋರ್ಡ್ಲಿಂಗೆನ್ ಎಂಬ ಊರನ್ನು ಆರಿಸಿದ್ದು ನಾನು. ರೈಲು ಬದಲಿಸಿಕೊಂಡು ಹೋಗುವಷ್ಟು ದೂರ. ಊರಿನ ಸುತ್ತ ಪೂರ್ತಿ ದುಂಡಗೆ ಕೋಟೆ ಗೋಡೆ, ಗೋಡೆಯ ಮೇಲೆ ಮಾಡು ಹಾಕಿದ ದಾರಿ, ಒಮ್ಮೆ ಮೇಲೆ ಹತ್ತಿದರೆ ಮಳೆ ಬಿಸಿಲು ಇಲ್ಲದೆ ಊರು ಸುತ್ತಬಹುದು ಎಂದು ವ್ಯಾಯಾಮದ ಹುಡುಗಿ ಹೇಳಿದ್ದಳು. ಅದನ್ನು ನೋಡಿದರೆ ಬಾಬಾ ಹತ್ತಿಯೇ ಹತ್ತುತ್ತಾರೆಂದು ನಾನು ನಂಬಿದ್ದೆ. ಬಾಬಾ ಗೋಡೆಯನ್ನು ಕುದುರೆಯ ಕುತ್ತಿಗೆ ತಟ್ಟುವ ಹಾಗೆ ತಟ್ಟಿದರು. ‘ಗಟ್ಟಿ ಇದೆ. ನಾನು ಹುಟ್ಟಿದ ಮನೆ ಖರ್ಜೂರದ ಗರಿಯದು, ಅದರದ್ದು ಒಂದು ಕಡ್ಡಿಯೂ ಈಗ ಇಲ್ಲ’ ಎಂದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು.

‘ಮೇಲೆ ಯಾರಿದ್ದಾರೆ?’

ಯಾರೂ ಇರಲಿಲ್ಲ. ನಾನೇ ಓಡಿ ಮೇಲೆ ಹತ್ತಿ ‘ನಾನಿದ್ದೇನೆ ಬಾಬಾ’ ಎಂದು ಕೂಗಿದೆ.

‘ನಿನ್ನನ್ನು ದಿನಾ ನೋಡುತ್ತೇನೆ. ಇಳಿ’ ಎಂದರು.

ಸೋತು ಬಂದು, ತೊರೆಯ ಪಕ್ಕದ ಹಳೇ ಮನೆಗಳ ಸಾಲಿನಲ್ಲಿ ಒಂದು ಬೆಂಚಿನ ಮೇಲೆ ಕೂತೆವು. ಹಿಂದೆ ಚರ್ಮ ಹದ ಮಾಡುವವರು ಇದ್ದ ಕೇರಿಯಂತೆ. ಮೇಲಿನ ಅಟ್ಟಗಳಲ್ಲಿ ತೊಗಲು ಒಣಗಿಸುತ್ತಿದ್ದರಂತೆ. ನಾನು ಗಹ್ವಾ ತೆಗೆದೆ. ಬೆಂಚಿನ ಆ ತುದಿಯಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಬಂದು ಕೂತರು. ಬಾಬಾ ಎದ್ದು ನಿಂತರು, ಕೂತರು, ನನ್ನ ಕಡೆ ಕಣ್ಣು ಮಾಡಿದರು. ಅಜ್ಜಿಗೆ ಮೊದಲ ಬಟ್ಟಲು ಕೊಟ್ಟೆ.

ಅಜ್ಜಿ ಕುಡಿದು, ‘ಡಾಂಕೆ’ ಎಂದು ಥ್ಯಾಂಕ್ಸ್ ಹೇಳಿ ಬಟ್ಟಲು ಮರಳಿಸಿದರು. ಅಲ್ಲಾಡಿಸಲಿಲ್ಲ. ನಾನು ಮತ್ತೆ ಹೊಯ್ದೆ. ಅವರು ಆಶ್ಚರ್ಯಪಟ್ಟು ಕುಡಿದು ಮತ್ತೆ ಕೊಟ್ಟರು. ಮತ್ತೆ ಹೊಯ್ದೆ. ಕೊಟ್ಟದ್ದನ್ನು ಬಿಡಬಾರದು ಎಂಬುದು ಅವರ ಮರ್ಯಾದೆ, ಅಲ್ಲಾಡಿಸದವರಿಗೆ ನಿಲ್ಲಿಸಬಾರದು ಎಂಬುದು ನಮ್ಮ ಮರ್ಯಾದೆ. ‘ಸಾಕಾದರೆ ಹೀಗೆ ಮಾಡಿ’ ಎಂದು ಅತಿಥಿಗೆ ಹೇಳಿಕೊಡುವುದು ಎದ್ದು ಹೋಗಿ ಎಂದ ಹಾಗಾಗುತ್ತದೆಂದು ಬಾಬಾ ಸುಮ್ಮನಿದ್ದರು. ಅಜ್ಜಿಯ ಕೆನ್ನೆ ಕೆಂಪಗಾಯಿತು, ಹಣೆಯಲ್ಲಿ ಬೆವರು ಬಂತು.

‘ಬ್ಯಾರಿ, ಆ ಅಜ್ಜಿಗೆ ಇನ್ನು ಮೂರು ದಿನ ನಿದ್ದೆ ಬರುದಿಲ್ಲ’ ಎಂದರು ಸಿಸ್ಟರ್. ‘ನಿಲ್ಸಿ ಮಾರಾಯ್ರೆ!’

‘ಅವರು ನಿಲ್ಸದೆ ನಾನು ಹೇಗೆ ನಿಲ್ಸುದು?’

ಕೊನೆಗೆ ಬಾಬಾ ತಮ್ಮ ಬಟ್ಟಲನ್ನು ಎತ್ತಿ, ಅಜ್ಜಿಗೆ ಕಾಣುವ ಹಾಗೆ ಟಕ ಟಕ ಅಲ್ಲಾಡಿಸಿ, ನನಗೆ ಕೊಟ್ಟು, ಕಣ್ಣು ಮಿಟುಕಿಸಿದರು. ಅಜ್ಜಿ ಒಂದು ಗಳಿಗೆ ನೋಡಿದರು. ತಮ್ಮ ಬಟ್ಟಲನ್ನೂ ಗಂಟೆ ಬಾರಿಸುವ ಹಾಗೆ ಅಲ್ಲಾಡಿಸಿದರು. ನಾನು ಫ್ಲಾಸ್ಕಿನ ಮುಚ್ಚಳ ಹಾಕಿದೆ. ಆಮೇಲೆ ಅಜ್ಜಿ ನಗತೊಡಗಿದರು, ಕಣ್ಣೀರು ಬರುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಸಿಸ್ಟರ್ ಮೊಬೈಲು ಮುಂದೆ ಹಿಡಿದರು. ಅಜ್ಜಿ ಅದಕ್ಕೆ ಹೇಳಿದ್ದನ್ನು ಅದು ಇಂಗ್ಲಿಷಿನಲ್ಲಿ ಹೇಳಿತು: ಈಗ ನೀವೆಲ್ಲ ನಮ್ಮ ಮನೆಗೆ ಬಂದು ಕೇಕ್ ತಿನ್ನಬೇಕು, ಬೆಳಿಗ್ಗೆ ಮಾಡಿದ್ದು, ಪ್ಲಮ್ ಹಣ್ಣಿನದು. ಮನೆ ಎಲ್ಲಿ ಎಂದರೆ ಅಜ್ಜಿ ಬೆರಳು ಮೇಲೆತ್ತಿದರು. ಹಿಂದೆ ತೊಗಲು ಒಣಗಿಸುತ್ತಿದ್ದ ಅಟ್ಟ, ಎಲ್ಲಕ್ಕಿಂತ ಮೇಲಿನದು. ಒಳಗೆ ಇಣುಕಿ ನೋಡಿದೆ. ಕಡಿದಾದ ಮರದ ಮೆಟ್ಟಿಲು, ತಿರುಗಿ ಮತ್ತೆ ಮೆಟ್ಟಿಲು, ಮತ್ತೆ ಮೆಟ್ಟಿಲು.

‘ಬೇಡ ಅಂತ ಹೇಳ್ಲಾ ಬಾಬಾ?’ ಸಿಸ್ಟರ್ ಕೇಳಿದರು. ‘ಕಾಲಿನ ವಿಷಯ ಹೇಳಿದ್ರೆ ಅವ್ರಿಗೆ ಅರ್ಥ ಆಗ್ತದೆ.’

ಬಾಬಾ ಸಿಸ್ಟರನ್ನು ಎಂದೂ ಗದರಿದವರಲ್ಲ, ಅಂದು ಗದರಿದರು. ‘ಮನೆಗೆ ಕರೆದಿದ್ದಾರೆ. ಕರೆದವರಿಗೆ ಬೇಡ ಅನ್ನುವುದಾ? ನನ್ನ ಅಪ್ಪ ಕೇಳಿದರೆ ಏನಂತಾನೆ?’

ಕೋಲನ್ನು ನನಗೆ ಕೊಟ್ಟರು. ಬಲಗೈಯಲ್ಲಿ ಕಟಕಟೆ, ಎಡಗೈ ನನ್ನ ಹೆಗಲ ಮೇಲೆ. ಅಜ್ಜಿ ಮುಂದೆ, ಬುಟ್ಟಿ ಹಿಡಿದ ಸಿಸ್ಟರ್ ಹಿಂದೆ. ಮೊದಲ ತಿರುವಿನಲ್ಲಿ ನಿಂತು ಉಸಿರು ಬಿಟ್ಟರು. ಎರಡನೆಯದರಲ್ಲಿ ಅವರ ಬೆರಳುಗಳು ನನ್ನ ಹೆಗಲಿಗೆ ಊರಿದ ಗುರುತು ಎರಡು ದಿನ ಇತ್ತು. ‘ಇಳಿಯೋಣವಾ?’ ಎಂದೆ. ‘ಕರೆದವರು ಮೇಲಿದ್ದಾರೆ’ ಎಂದರು. ಅಜ್ಜಿ ಪ್ರತಿ ತಿರುವಿನಲ್ಲೂ ತಿರುಗಿ ನೋಡಿ ಏನೋ ಹೇಳುತ್ತಿದ್ದರು, ಬಾಬಾ ‘ಇನ್‌ಶಾಲ್ಲಾ’ ಎನ್ನುತ್ತಿದ್ದರು. ಮೇಲಿನ ಬಾಗಿಲು ದಾಟಿದಾಗ ಬಾಬಾರ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಆದರೂ ಅಜ್ಜಿ ಕೂರುವವರೆಗೆ ಅವರು ಕೂರಲಿಲ್ಲ. ಬಾಬಾ ಕೂರಲಿ ಎಂದು ಅಜ್ಜಿಯೂ ಕೂರಲಿಲ್ಲ. ಸಿಸ್ಟರ್ ಇಬ್ಬರನ್ನೂ ಭುಜ ಹಿಡಿದು ಒತ್ತಿ ಕೂರಿಸಬೇಕಾಯಿತು.

ಆ ಮನೆಯ ಪದ್ಧತಿ ಏನೆಂದರೆ ತಟ್ಟೆ ಖಾಲಿಯಾದರೆ ಇನ್ನೊಂದು ತುಂಡು. ಬಾಬಾ ಮರ್ಯಾದೆಗೆಂದು ತಿಂದರು, ಅಜ್ಜಿ ಹಾಕಿದರು. ತಿಂದರು, ಹಾಕಿದರು. ಮುಂದಿನ ತುಂಡು ಬರುವಾಗ ಬಾಬಾಗೆ ಬೇರೆ ದಾರಿ ತೋಚದೆ ತಟ್ಟೆಯನ್ನೇ ಎತ್ತಿ ಅಲ್ಲಾಡಿಸಿದರು. ಅದರ ಮೇಲಿದ್ದ ಫೋರ್ಕು ಹಾರಿ ಅಜ್ಜಿಯ ಬೆಕ್ಕಿನ ಹತ್ತಿರ ಬಿತ್ತು. ಬೆಕ್ಕು ಮಾತ್ರ ನಗಲಿಲ್ಲ.

ಇಳಿದು ಬಂದ ಮೇಲೆ ಅಜ್ಜಿ, ಕೋಟೆ ಗೋಡೆಯ ಮೇಲಿಂದ ನಮ್ಮ ಮನೆ ಹೇಗೆ ಕಾಣುತ್ತದೆ ತೋರಿಸುತ್ತೇನೆ ಬನ್ನಿ ಎಂದರು. ಅದೂ ಕರೆದ ಹಾಗೆಯೇ ಆಯಿತಲ್ಲ. ಬಾಬಾ ಅದನ್ನೂ ಹತ್ತಿದರು.

ಮುಂದಿನ ವಾರ ಅಬುಧಾಬಿಗೆ ಬಂದೆವು. ಮಜ್ಲಿಸಿನ ದಿಂಬುಗಳೆಲ್ಲ ಗೋಡೆಗೆ ಒರಗಿದ್ದವು. ನಡುವೆ ಪ್ಲಾಸ್ಟಿಕ್ ಹೊದ್ದ ಮಂಚ. ಬಾಬಾ ಅದರ ಸುತ್ತ ಒಂದು ಸುತ್ತು ಬಂದು, ಮಗನ ಕೆನ್ನೆ ತಟ್ಟಿ, ‘ಚೆನ್ನಾಗಿದೆ. ನನ್ನನ್ನು ಮೇಲಕ್ಕೆ ಕರೆಯುತ್ತೀಯಾ?’ ಎಂದು ಕೇಳಿದರು. ಮಗನಿಗೆ ಅರ್ಥವಾಗಲಿಲ್ಲ.

‘ಕರೀರಿ ಸರ್, ಕರೀರಿ’ ಎಂದೆ ನಾನು.

ಮಗ ಮೇಲೆ ಹೋಗಿ ಮೆಟ್ಟಿಲ ತುದಿಯಲ್ಲಿ ನಿಂತು, ನಾಚಿಕೊಳ್ಳುತ್ತ, ‘ದಯಮಾಡಿಸಿ, ಬನ್ನಿ’ ಎಂದ. ಬಾಬಾ ಹತ್ತಿದರು. ಮಗ ಅಲ್ಲಿಯೇ ಅವರ ಹಣೆಗೆ ಮುತ್ತಿಟ್ಟು ಅತ್ತುಬಿಟ್ಟ. ಮರುದಿನ ಮಂಚ ವಾಪಸ್ ಹೋಯಿತು, ಸಂಜೆ ನಾಲ್ಕಕ್ಕೆ ಬಾಗಿಲು ತೆರೆಯಿತು.

ಆಮೇಲೆ ಮಜ್ಲಿಸಿನಲ್ಲಿ ಮಾತೆಲ್ಲ ಆ ಊರುಗಳದೇ. ಮ್ಯೂನಿಕ್‌ನಿಂದ ಯಾರಾದರೂ ಹೊಸ ಗಡಿಯಾರ ಕಟ್ಟಿಕೊಂಡು ಬಂದರೆ, ‘ವಾಸರ್‌ಬುರ್ಗ್ ನೋಡಿದೆಯಾ? ಇಲ್ಲವಾ? ಹಾಗಾದರೆ ಹೋದದ್ದು ಯಾಕೆ?’ ಪ್ರತಿ ಬೇಸಿಗೆಯಲ್ಲಿ ಕಾಲು ತೋರಿಸುವ ನೆಪದಲ್ಲಿ ಹೋಗುತ್ತಿದ್ದೆವು. ಲಾಂಡ್ಸ್‌ಹೂಟ್, ಐಶ್ಟೆಟ್, ನೊಯ್‌ಬುರ್ಗ್ ಎಲ್ಲ ನೋಡಿದೆವು. ಎಲ್ಲಿ ಹೋದರೂ ಬೆಂಚು, ಫ್ಲಾಸ್ಕು, ಪಕ್ಕದಲ್ಲಿ ಕೂರುವ ಯಾರೋ ಒಬ್ಬರು. ಗ್ರೇಸಿ ಸಿಸ್ಟರ್ ಈಗ ಊರಿನಲ್ಲಿದ್ದಾರೆ, ಮೊಣಕಾಲು ನೋವಂತೆ. ‘ಬ್ಯಾರಿ, ನನ್ನನ್ನು ಯಾರು ಮೇಲೆ ಕರೀತಾರೆ ಮಾರಾಯ್ರೆ’ ಎಂದು ಫೋನಿನಲ್ಲಿ ನಗುತ್ತಾರೆ.

ಬಾಬಾ ಮೇಲಿನ ತಮ್ಮ ಕೋಣೆಯಲ್ಲೇ, ಬೆಳಗಿನ ನಮಾಜಿನ ಮೇಲೆ ಮಲಗಿದವರು ಏಳಲಿಲ್ಲ. ಹಿಂದಿನ ಸಂಜೆ ಕೊನೆಯ ಅತಿಥಿಯನ್ನು ಗೇಟಿನವರೆಗೆ ಕಳಿಸಿ ಬಂದಿದ್ದರು. ಮೂರು ದಿನ ಮಜ್ಲಿಸಿನಲ್ಲಿ ಸಂತಾಪಕ್ಕೆ ಬಂದವರಿಗೆ ಗಹ್ವಾ ಕೊಟ್ಟೆ. ಬರುವವರ ಸಾಲು ರಸ್ತೆಯವರೆಗೆ ಇತ್ತು. ನಾಲ್ಕನೆಯ ದಿನ ಎಲ್ಲ ಮುಗಿಯಿತೆಂದು ಬಾಗಿಲು ಹಾಕಿ, ಬಟ್ಟಲುಗಳನ್ನು ತೊಳೆದು, ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆ. ನನ್ನ ವೀಸಾ ಬಾಬಾರ ಹೆಸರಿನಲ್ಲಿತ್ತು. ಊರಿಗೆ ಟಿಕೆಟ್ ನೋಡಲು ಭಾವನಿಗೆ ಹೇಳಿಯೂ ಆಗಿತ್ತು. ಆಗ ದೊಡ್ಡ ಮಗ ಆಫೀಸಿನಿಂದ ಬಂದ. ಒಳಗಿನ ಬಾಗಿಲಲ್ಲಿ ನಿಂತು ಪೆಟ್ಟಿಗೆ ನೋಡಿದ, ಗಡಿಯಾರ ನೋಡಿದ.

‘ನಾಲ್ಕೂ ಹತ್ತಾಯಿತು. ಬಾಗಿಲು ಯಾಕೆ ಮುಚ್ಚಿದೆ?’ ಎಂದು ಕೇಳಿದ.

ಈಗ ನನಗೆ ಇರುವುದು ಇಷ್ಟು. ಉಳ್ಳಾಲದಲ್ಲಿ ನಾನೇ ಕಟ್ಟಿಸಿದ ಒಂದು ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಕಾಲೇಜಿನಲ್ಲಿ. ಇಲ್ಲಿ ಅಂಗಳದ ಪಕ್ಕ ಒಂದು ಕೋಣೆ. ದೊಡ್ಡ ಮಗನ ಹೆಸರಿನಲ್ಲಿ ಎರಡು ವರ್ಷದ ಹೊಸ ವೀಸಾ. ಮೂರು ಹೂಜಿ, ಅರುವತ್ತು ಬಟ್ಟಲು. ಸಂಜೆಗೆ ಇಪ್ಪತ್ತು ಮೂವತ್ತು ಜನ.